ಮುಹಪತ್ತಿ ಮತ್ತು ಮುಖಗವಸು



ಚೆನ್ನೈ ಸೌಕಾರ್‌ಪೇಟೆಗೆ ಬರುವ ಸ್ಥಾನಕವಾಸಿ ಸಾಧುಗಳ ಮುಹಪತ್ತಿಯನ್ನು ತೋರಿಸಿ, ವೈರಾಣುವಿನ ಮರ್ಮ ಜೈನರಿಗೆ ಮೊದಲೇ ತಿಳಿದಿತ್ತೆಂದು ಹೆಮ್ಮೆಪಡುವವರಿದ್ದಾರೆ. ಅದು ಸಲ್ಲದು. ಮುಹಪತ್ತಿ ವಾಯುಕಾಯ ಜೀವಗಳ ರಕ್ಷಣೆಗಾಗಿ. ದಿಗಂಬರರಲ್ಲಂತೂ ಆ ರೂಢಿಯೇ ಇಲ್ಲ. ಆದರೆ ತನ್ನ ಉಸಿರಿನಿಂದ ಪರರಿಗೆ ಬಾಧೆಯಾಗಬಾರದೆಂಬ ಭಾವ ಎರಡಕ್ಕೂ ಸಮಾನ.

ಪ್ರಯೋಜನವೆಷ್ಟು? ಬಾಂಗ್ಲಾದೇಶದ ಸುಮಾರು 600 ಗ್ರಾಮಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಖಗವಸು ಸರಿಯಾಗಿ ಧರಿಸಿದವರು ಶೇ. 13 ಇದ್ದದ್ದು ಪ್ರೋತ್ಸಾಹವಿತ್ತ ಊರುಗಳಲ್ಲಿ ಶೇ. 42 ಆಯಿತು, ಲಕ್ಷಣಸಹಿತ ಸೋಂಕು ಶೇ. 9ರಷ್ಟು ತಗ್ಗಿತು. ಶಸ್ತ್ರಚಿಕಿತ್ಸೆಯ ಮುಖಗವಸು ಹಂಚಿದಲ್ಲಿ 60 ದಾಟಿದವರಿಗೆ ಇಳಿಕೆ ಶೇ. 35. ಬಟ್ಟೆಯದಕ್ಕೆ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ. ಒಟ್ಟು ಲಾಭ ಸಾಧಾರಣ, ವೃದ್ಧರ ಲಾಭ ದೊಡ್ಡದು.

ತಮಿಳುನಾಡು ಸರ್ಕಾರ 2020ರಲ್ಲಿ 200 ರೂಪಾಯಿ, 2022ರಲ್ಲಿ 500 ರೂಪಾಯಿ ದಂಡ ಗೊತ್ತುಮಾಡಿತು. ದಂಡ ಬೀದಿಯನ್ನು ಕಾಯಿತು. ಊಟದ ಮನೆಯನ್ನು ಯಾರು ಕಾಯಬೇಕು? 2020ರ ಡಿಸೆಂಬರಿನಲ್ಲಿ ಮದ್ರಾಸ್ ಐಐಟಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸೋಂಕಿತರಾದಾಗ ಬೆರಳು ತೋರಿದ್ದು ಭೋಜನಶಾಲೆಯತ್ತ. ಕಿಟಕಿ ಮುಚ್ಚಿದ ಪ್ರವಚನ ಮಂದಿರವೂ ಪಂಚಕಲ್ಯಾಣದ ಪಂಕ್ತಿಭೋಜನವೂ ಅದಕ್ಕಿಂತ ಭಿನ್ನವಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವವರು ಹಿರಿಯರೇ. ಕೆಮ್ಮಿರುವವರು ಮುಖಗವಸು ಧರಿಸಿಯೇ ಬರಲಿ; ಸಮಿತಿಗಳು ಅದನ್ನು ಬಾಗಿಲಲ್ಲಿ ಉಚಿತವಾಗಿ ಇಡಲಿ. ಹೂಮಾಲೆಯ ಬಾಬತ್ತಿಗಿಂತ ಆ ವೆಚ್ಚ ಕಡಿಮೆ.