ಮಿನಿ ಟ್ರಾಕ್ಟರಿನ ಲಿಫ್ಟ್ ಎತ್ತದಿದ್ದರೆ ಮೊದಲು ಏನು ನೋಡಬೇಕು?

(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ 25 ವರ್ಷ ತುಂಬಿದ ಈ ಸಮಾರಂಭದಲ್ಲಿ ಸಹಕಾರ ತತ್ವದ ಬಗ್ಗೆ ಮಾತಾಡೋದಕ್ಕೆ ನಮಗಿಂತ ಓದಿದವರು ಬಂದಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ತೋಟಕ್ಕೆ ಇಳಿದವರು. ಅಧ್ಯಕ್ಷರು "ನೀವು ಟ್ರಾಕ್ಟರ್ ವಿಷಯ ಹೇಳಿ, ಜನಕ್ಕೆ ಅದು ಬೇಕಾಗೈತೆ" ಅಂತ ಅಪ್ಪಣೆ ಕೊಟ್ಟರು. ಆದ್ದರಿಂದ ಮಿನಿ ಟ್ರಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಕೆಟ್ಟಾಗ ಏನು ಮಾಡಬೇಕು ಅನ್ನೋದನ್ನ ನಮಗೆ ತಿಳಿದ ಮಟ್ಟಿಗೆ ಅರಿಕೆ ಮಾಡಿಕೊಳ್ಳುತ್ತೇವೆ.

ನಮ್ಮ ಭಾಗಕ್ಕೆ ಈ ಸಣ್ಣ ಗಾಡಿ ಯಾಕೆ ಬೇಕಾಯ್ತು ಅಂತ ತಮಗೆ ಗೊತ್ತೇ ಇದೆ. ಗುಬ್ಬಿ ಕಡೆ ಅಡಿಕೆ ಸಾಲಿನ ನಡುವೆ ಇರೋದು ಹೆಚ್ಚೂಕಡಿಮೆ 9 ಅಡಿ. ಅಲ್ಲಿ ದೊಡ್ಡ ಟ್ರಾಕ್ಟರ್ ತಿರುಗಿಸೋಕಾಗಲ್ಲ, ತಿರುಗಿಸಿದರೆ ಗಿಡ ಉಳಿಯಲ್ಲ. ಕುಣಿಗಲ್ ದೊಡ್ಡಕೆರೆ ಹಿಂದಿನ ಭತ್ತದ ಗದ್ದೆಗೂ, ತುಮಕೂರು ಸುತ್ತಿನ ರಾಗಿ ಹೊಲಕ್ಕೂ ಇದೇ ಹದಿನೆಂಟು ಇಪ್ಪತ್ತು ಕುದುರೆ ಶಕ್ತಿಯ ಗಾಡಿ ಓಡಾಡ್ತಾ ಇದೆ. (ಕುಣಿಗಲ್‌ನವರು ಕುದುರೆ ಲೆಕ್ಕ ನಮಗೆ ಹೇಳಿಕೊಡಬೇಕಾಗಿಲ್ಲ ಅಂತಾರೆ, ಇರಲಿ.) ಸರ್ಕಾರ 2014-15ರಲ್ಲಿ ಕೃಷಿ ಯಂತ್ರಧಾರೆ ಶುರು ಮಾಡಿದ ಮೇಲೆ ಬಾಡಿಗೆಗೆ ತಂದು ಉಳೋ ಅಭ್ಯಾಸವೂ ಬಂತು. ಬಾಡಿಗೆ ಗಾಡಿ ಅಂದಮೇಲೆ ಹತ್ತು ಕೈ ಆಡುತ್ತೆ. ಹತ್ತು ಕೈ ಆಡಿದ ಗಾಡಿಯಲ್ಲಿ ಮೊದಲು ತೊಂದರೆ ಕೊಡೋದು ಲಿಫ್ಟು.

ಲಿಫ್ಟು ಕೆಲಸ ಮಾಡೋದು ಹೇಗೆ? ಇಂಜಿನ್ ಓಡುವಾಗ ಒಂದು ಸಣ್ಣ ಗೇರ್ ಪಂಪು ಆಯಿಲನ್ನು ಜರಡಿ ಮೂಲಕ ಎಳೆದು ಒತ್ತುತ್ತೆ. ನಾವು ಲೀವರ್ ಎತ್ತಿದರೆ ವಾಲ್ವು ಆ ಆಯಿಲನ್ನು ಸಿಲಿಂಡರಿಗೆ ಬಿಡುತ್ತೆ, ಪಿಸ್ಟನ್ ಮುಂದಕ್ಕೆ ಹೋಗಿ ಹಿಂದಿನ ಕೈಗಳನ್ನು ಎತ್ತುತ್ತೆ. ಒಂದು ಚದರ ಸೆಂಟಿಮೀಟರಿಗೆ 150 ಕೆ.ಜಿ. ಒತ್ತಡ ಅಂತ ಇಟ್ಟುಕೊಂಡರೆ, 7 ಸೆಂ.ಮೀ. ಅಗಲದ ಪಿಸ್ಟನ್ ಮೇಲೆ ಬೀಳೋದು 5,700 ಕೆ.ಜಿ.ಗೂ ಜಾಸ್ತಿ. ಕೈಗಳ ತುದಿಗೆ ಬರುವಷ್ಟರಲ್ಲಿ ಅದು ಕೆಲವು ನೂರು ಕೆ.ಜಿ.ಗೆ ಇಳಿಯುತ್ತೆ, ಆದರೂ ಒಳಗಿನ ಒತ್ತಡ ಎಂಥದ್ದು ನೋಡಿ. ಒತ್ತಡ ಅಷ್ಟಿರೋದರಿಂದಲೇ ಒಂದು ರಬ್ಬರ್ ರಿಂಗ್ ಹರಿದರೂ ಲಿಫ್ಟು ಸೋಲುತ್ತೆ.

ಕಳೆದ ಮುಂಗಾರಿನಲ್ಲಿ ನಡೆದದ್ದು ತಮಗೆ ನೆನಪಿರಬಹುದು. ರಾಗಿ ಬಿತ್ತನೆಗೆ ಹದ ಬಂದಿತ್ತು, ಸಂಘದ ಗಾಡಿಗೆ ಹದಿನೇಳು ಜನ ಹೆಸರು ಬರೆಸಿದ್ದರು. ಆವತ್ತೇ ಕಲ್ಟಿವೇಟರ್ ಎತ್ತಲ್ಲ ಅಂತ ಕೂತುಬಿಡ್ತು. ಒಂದು ವರ್ಕ್‌ಶಾಪಿನವರು ಬಂದು, ಬೀಗದ ಕೈ ತಿರುಗಿಸಿ ನೋಡಿ, "ಪಂಪ್ ಹೋಗೈತೆ, ಹೊಸದು ತರಿಸಬೇಕು, ವಾರ ಆಗುತ್ತೆ" ಅಂದರು. ವಾರ ಕಾದರೆ ಹದ ಎಲ್ಲಿರುತ್ತೆ ಸ್ವಾಮಿ? ನಾವು ಕಮಿಟಿಯವರು ಕೂತು, ಮೊದಲು ಜರಡಿ ಬಿಚ್ಚಿಸೋಣ ಅಂತ ತೀರ್ಮಾನ ಮಾಡಿದೆವು. ಬಿಚ್ಚಿಸಿದರೆ ಒಳಗೆ ಬಟ್ಟೆ ನೂಲು, ಕಬ್ಬಿಣದ ಪುಡಿ, ಹಿಂದೆ ಯಾರೋ ಮೆತ್ತಿದ್ದ ಗಮ್ಮು! ಡೀಸೆಲಿನಲ್ಲಿ ತೊಳೆದು, ಹೊಸ ಓ-ರಿಂಗ್ ಕೂರಿಸಿ, ಆಯಿಲ್ ಬದಲಾಯಿಸಿದ ಮೇಲೆ ಸಂಜೆಗೆ ಗಾಡಿ ಹೊಲದಲ್ಲಿತ್ತು. ಪಂಪಿಗೆ ಏನೂ ಆಗಿರಲಿಲ್ಲ.

ಅದಕ್ಕೇ ಹೇಳೋದು, ದುಡ್ಡು ಹೋಗದ ಕಡೆಯಿಂದ ಹುಡುಕುತ್ತಾ ಬರಬೇಕು. ಲಿಫ್ಟ್ ಪೂರ್ತಿ ನಿಂತಿದ್ದರೆ ಮೊದಲು ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಕೈಗಳನ್ನು ಪೂರ್ತಿ ಇಳಿಸಿ, ಕಡ್ಡಿ ತೆಗೆದು ಆಯಿಲ್ ನೋಡಿ. ಕೈ ಮೇಲಿದ್ದಾಗ ನೋಡಿದರೆ ಆಯಿಲ್ ಸಿಲಿಂಡರಿನಲ್ಲಿರುತ್ತೆ, ಅಳತೆ ತಪ್ಪು ತೋರಿಸುತ್ತೆ. ಇಳಿಜಾರಿನಲ್ಲಿ ಮಾತ್ರ ಎತ್ತಲ್ಲ, ಸಮದಲ್ಲಿ ಎತ್ತುತ್ತೆ ಅಂದರೆ ಆಯಿಲ್ ಕಡಿಮೆ ಅಂತಲೇ ಅರ್ಥ, ಪಂಪು ಗಾಳಿ ಎಳೀತಾ ಇದೆ. ಆಮೇಲೆ ಲೀವರಿನ ಕಡ್ಡಿ, ಪಿನ್ನು ಕಳಚಿದೆಯಾ ನೋಡಿ. ಟ್ರೈಲರಿಗೆ ಆಯಿಲ್ ಕಳಿಸೋ ಗುಂಡಿ ಇರೋ ಗಾಡಿಯಲ್ಲಿ ಅದನ್ನ ಹಾಗೇ ಬಿಟ್ಟಿದ್ದರೆ ಲಿಫ್ಟಿಗೆ ಆಯಿಲ್ ಬರೋದೇ ಇಲ್ಲ. ಇನ್ನು ಎತ್ತಿದ್ದು ಇಳೀತಾನೇ ಇಲ್ಲ ಅಂತ ಗಾಬರಿಯಾಗಿ ಫೋನ್ ಮಾಡ್ತಾರೆ. ಸೀಟಿನ ಹತ್ತಿರ ಇಳಿಯೋ ವೇಗದ ತಿರುಪು ಇರುತ್ತೆ, ರಸ್ತೆಯಲ್ಲಿ ಹೋಗುವಾಗ ಬಿಗಿ ಮಾಡಿರ್ತಾರೆ, ಹೊಲದಲ್ಲಿ ಸಡಿಲ ಮಾಡೋದು ಮರೆತಿರ್ತಾರೆ, ಅಷ್ಟೆ.

ಶಬ್ದಕ್ಕೂ ಕಿವಿ ಕೊಡಿ. ಕುಯ್ ಅಂತ ಗೋಳಾಡಿದರೆ ಪಂಪಿಗೆ ಆಯಿಲ್ ಸಾಲ್ತಾ ಇಲ್ಲ. ಜರಡಿ ಕಟ್ಟಿರಬೇಕು, ಇಲ್ಲ ಎಳೆಯೋ ಪೈಪಿನ ರಿಂಗು ಹಳೆಯದಾಗಿ ಗಾಳಿ ಸೇರ್ತಿರಬೇಕು. ಆಯಿಲಿನಲ್ಲಿ ನೊರೆ ಕಂಡರೆ ಗಾಳಿಯೇ. ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿ ಎತ್ತಿ, ಮಧ್ಯಾಹ್ನ ಕಾದ ಮೇಲೆ ಸೋತರೆ ಒಳಗೆ ಸವೆತ ಇದೆ. ಆಯಿಲ್ ತೆಳ್ಳಗಾಗಿ ಪಂಪಿನಲ್ಲೋ ಸೀಲಿನಲ್ಲೋ ನುಸುಳಿ ಹೋಗ್ತಿದೆ. ಬರೀ ಕೈ ಎತ್ತುತ್ತೆ, ಸಾಮಾನು ಕಟ್ಟಿದರೆ ಎತ್ತಲ್ಲ ಅಂದರೆ ಒತ್ತಡ ಕಡಿಮೆ. ಅಲ್ಲಿಗೆ ನಮ್ಮ ಕೆಲಸ ಮುಗೀತು, ಮೆಕ್ಯಾನಿಕ್ ಗೇಜು ಹಾಕಿ ನೋಡಬೇಕು. ಒತ್ತಡ ಬಿಡೋ ರಿಲೀಫ್ ವಾಲ್ವನ್ನು ನಾವೇ ಸ್ಪ್ಯಾನರ್ ಹಿಡಿದು ಬಿಗಿ ಮಾಡೋದು ಬೇಡ, ಪೈಪು ಸಿಡಿಯುತ್ತೆ. ಪಂಪ್ ಬದಲಾಯಿಸಿ ಅನ್ನೋವರಿಗೆ "ಗೇಜು ಹಾಕಿ ತೋರಿಸಿ" ಅಂತ ಧೈರ್ಯವಾಗಿ ಕೇಳಿ.

ಎತ್ತಿ ಇಂಜಿನ್ ನಿಲ್ಲಿಸಿದ ಕೂಡಲೇ ರೋಟಾವೇಟರ್ ಕುಸಿದರೆ, ಇಂಜಿನ್ ಓಡುವಾಗ ಮೇಲೆ ಕೆಳಗೆ ಕುಣಿದರೆ, ಅದು ಪಿಸ್ಟನ್ ಸೀಲು ಅಥವಾ ವಾಲ್ವಿನ ಸೋರಿಕೆ. ಆದರೆ ಗಟ್ಟಿ ನೆಲ ಸಿಕ್ಕಾಗ ನೇಗಿಲು ತಾನೇ ಒಂಚೂರು ಮೇಲೆದ್ದರೆ ಅದು ಕಾಯಿಲೆ ಅಲ್ಲ. ಅದನ್ನು ಡ್ರಾಫ್ಟ್ ಕಂಟ್ರೋಲ್ ಅಂತಾರೆ, ಐರ್ಲೆಂಡಿನ ಹ್ಯಾರಿ ಫರ್ಗುಸನ್ ಅನ್ನೋರು 1920ರ ದಶಕದಲ್ಲೇ ಮೂರು ಪಾಯಿಂಟಿನ ಕೊಂಡಿ ಜೊತೆ ಕಂಡುಹಿಡಿದದ್ದು. ಎಳೆತ ಜಾಸ್ತಿಯಾದರೆ ನೇಗಿಲು ಎತ್ತಿ ಗಾಡಿ ಉಳಿಸುತ್ತೆ.

ಆಯಿಲ್ ವಿಷಯಕ್ಕೆ ಬಂದರೆ ನಮಗೆ ಸಿಟ್ಟೇ ಬರುತ್ತೆ. "ಆಯಿಲ್ ಆಯಿಲೇ ಅಲ್ವಾ" ಅಂತ ಡಬ್ಬದಲ್ಲಿ ಉಳಿದ ಇಂಜಿನ್ ಆಯಿಲ್ ಸುರೀತಾರೆ. ಬಹಳ ಗಾಡಿಗಳಲ್ಲಿ ಗೇರ್ ಬಾಕ್ಸಿಗೂ ಲಿಫ್ಟಿಗೂ ಒಂದೇ ಆಯಿಲ್, ಆಯಿಲಿನಲ್ಲಿ ಮುಳುಗಿದ ಬ್ರೇಕಿದ್ದರೆ ಅದಕ್ಕೂ ಅದೇ. ತಪ್ಪು ಆಯಿಲ್ ಹಾಕಿದರೆ ಲಿಫ್ಟಿನ ಜೊತೆ ಬ್ರೇಕೂ ಕೆಡುತ್ತೆ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಆಯಿಲ್, ಎಷ್ಟು ಗಂಟೆಗೆ ಬದಲು ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಗದ್ದೆ ಕೆಸರು ಮಾಡಿದ ಮೇಲೆ, ಪೈಪು ಹಿಡಿದು ಜೋರಾಗಿ ತೊಳೆದ ಮೇಲೆ ಕಡ್ಡಿ ನೋಡಿ. ಹಾಲು ಹಾಕಿದ ಟೀ ಬಣ್ಣ ಕಂಡರೆ ನೀರು ಸೇರಿದೆ, ಒಂದು ದಿನವೂ ಓಡಿಸಬೇಡಿ. ಟಿಪ್ಪಿಂಗ್ ಟ್ರೈಲರ್ ನಮ್ಮಲ್ಲಿ ಮನೆಯಿಂದ ಮನೆಗೆ ಹೋಗುತ್ತೆ, ಪೈಪಿನ ಬಾಯಿಗೆ ಮುಚ್ಚಳ ಇರಲ್ಲ. ಮಣ್ಣು ಮೆತ್ತಿದ ಬಾಯಿಯನ್ನು ಸಂಘದ ಗಾಡಿಗೆ ಸಿಕ್ಕಿಸಿದರೆ ಆ ಮಣ್ಣು ನೇರ ವಾಲ್ವಿಗೆ ಹೋಗುತ್ತೆ. ಒರೆಸದೆ ಸಿಕ್ಕಿಸುವವರಿಗೆ ಇನ್ನು ಮುಂದೆ ಗಾಡಿ ಕೊಡೋದಿಲ್ಲ ಅಂತ ಕಮಿಟಿ ನಿರ್ಣಯ ಮಾಡಿದೆ, ಬೇಸರ ಮಾಡಿಕೊಳ್ಳಬಾರದು.

ಇನ್ನೊಂದು ಮಾತು, ಹುಡುಗರು ದಯವಿಟ್ಟು ಕೇಳಿಸಿಕೊಳ್ಳಿ. ರೋಟಾವೇಟರಿಗೆ ಬಳ್ಳಿ ಸುತ್ತಿಕೊಂಡಾಗ ಲಿಫ್ಟ್ ಎತ್ತಿ ಕೆಳಗೆ ತಲೆ ಹಾಕ್ತೀರಿ. ಆ ಭಾರ ನಿಂತಿರೋದು ಒಂದು ರಬ್ಬರ್ ಸೀಲಿನ ಮೇಲೆ. ಯಾರಾದರೂ ಲೀವರಿಗೆ ಕೈ ತಗುಲಿಸಿದರೂ ಸಾಕು. ಇಂಜಿನ್ ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿ, ಕೆಳಗೆ ಮರದ ದಿಮ್ಮಿ ಕೊಟ್ಟು ಆಮೇಲೆ ಕೈ ಹಾಕಿ. ಎತ್ತಿ ನಿಂತ ಟ್ರೈಲರಿನ ಕೆಳಗೂ ಹೀಗೇ. ಪೈಪು ಸೋರುವ ಜಾಗವನ್ನು ಬೆರಳಿನಿಂದ ಹುಡುಕಲೇಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಮೇಲೆ ಚುಕ್ಕೆಯಷ್ಟೇ ಕಾಣುತ್ತೆ, ನೋವೂ ಕಡಿಮೆ, ಆದರೆ ತಡ ಮಾಡಿದರೆ ಬೆರಳೇ ತೆಗೆಯಬೇಕಾದೀತು. ಕೂಡಲೇ ಆಸ್ಪತ್ರೆಗೆ ಹೋಗಿ, "ಒತ್ತಡದ ಆಯಿಲ್ ಒಳಗೆ ಹೋಗಿದೆ" ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಈ ಕೆಲಸ ಪದ್ಧತಿಯಾಗಿ ಕಲಿಯೋ ಆಸೆ ಇರುವವರಿಗೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಸಂಘದಿಂದ ಇಬ್ಬರು ಹುಡುಗರನ್ನು ಕಳಿಸಬೇಕೆಂದು ಕಮಿಟಿಯಲ್ಲಿ ಮಾತಾಗಿದೆ, ಹೆಸರನ್ನು ಕಾರ್ಯದರ್ಶಿಗಳ ಹತ್ತಿರ ಬರೆಸಿ. ಬರುವ ಭಾನುವಾರ ಬೆಳಿಗ್ಗೆ ಸಂಘದ ಶೆಡ್ಡಿನಲ್ಲಿ ಗಾಡಿಯ ಜರಡಿ ಬಿಚ್ಚಿ ತೊಳೀತೇವೆ. ನೋಡೋ ಮನಸ್ಸಿದ್ದವರು ಬನ್ನಿ, ಬರೋವಾಗ ಹಳೇ ಲುಂಗಿ ತುಂಡು ತರಬೇಡಿ, ನೂಲು ಬಿಡದ ಬಟ್ಟೆ ತನ್ನಿ.