ಬರೆದುಕೊಡದ ಪತ್ರ

ಓದುಬರಹ ಬಾರದ ಪ್ರಾಯಸ್ಥನಿಗೆ ಅಕ್ಷರಸ್ಥನು ಮಾಡಬಹುದಾದ ಉಪಕಾರ ಎರಡು ಬಗೆಯದು. ಅವನ ಪತ್ರವನ್ನು ತಾನೇ ಬರೆದುಕೊಡುವುದು ಒಂದು. ಅವನೇ ಬರೆಯುವಂತೆ ಮಾಡುವುದು ಇನ್ನೊಂದು. ಮೊದಲನೆಯದು ಸುಲಭ, ಕೃತಜ್ಞತೆಯೂ ಒಡನೆಯೇ ದೊರೆಯುತ್ತದೆ. ಎರಡನೆಯದು ನಿಧಾನದ ಕೆಲಸ. ಅದು ಕೈಗೂಡಿದ ದಿನ ಉಪಕಾರಿಯ ಅಗತ್ಯವೇ ಉಳಿಯುವುದಿಲ್ಲ. ಈ ಎರಡರ ಅಂತರವನ್ನು ಚೀನೀ ಜನರ ಲೋಕಶಿಕ್ಷಣದ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನವನ್ನು ನಾನು ಬೇರೆ ಕಂಡಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರೂ ಫ್ರೆಂಚರೂ ಸುಮಾರು 1,40,000 ಚೀನೀ ಕೂಲಿಗಳನ್ನು ಯುದ್ಧಕಾರ್ಯಕ್ಕಾಗಿ ಕರೆಸಿಕೊಂಡರು. ಅವರಲ್ಲಿ ಬಹುಪಾಲು ಶಾನ್‌ದುಂಗ್ ಪ್ರಾಂತದ ಒಕ್ಕಲುಮಕ್ಕಳು. ಕಂದಕ ತೋಡುವುದು, ಹಡಗಿನ ಸರಕು ಇಳಿಸುವುದು, ರಸ್ತೆ ಸರಿಪಡಿಸುವುದು ಅವರ ಕೆಲಸ. 1918ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಪದವಿ ಪಡೆದ ಯಾನ್ ಯಾಂಗ್‌ಚು ಎಂಬ ತರುಣರು ವೈ.ಎಂ.ಸಿ.ಎ. ಸಂಸ್ಥೆಯ ಪರವಾಗಿ ಫ್ರಾನ್ಸಿನ ಬುಲೋನ್ ಬಳಿಯ ಶಿಬಿರಕ್ಕೆ ಬಂದರು. ಮುಂದೆ ಜೇಮ್ಸ್ ಯೆನ್ ಎಂದು ಹೊರನಾಡುಗಳಲ್ಲಿ ಪ್ರಸಿದ್ಧರಾದವರು ಇವರೇ. ಕತ್ತಲಾದೊಡನೆ ಕೂಲಿಗಳು ಊರಿಗೆ ಪತ್ರ ಬರೆಸಲು ಅವರ ಮುಂದೆ ನೆರೆಯುತ್ತಿದ್ದರು. ಒಂದು ಸಂಜೆ ಅವರು, ಇನ್ನು ತಾವು ಪತ್ರ ಬರೆದುಕೊಡುವುದಿಲ್ಲವೆಂದೂ ಮನಸ್ಸುಳ್ಳವರಿಗೆ ಬರೆಯಲು ಕಲಿಸುವುದಾಗಿಯೂ ಸಾರಿದರು. ನೆರೆದವರು ನಕ್ಕುಬಿಟ್ಟರು. ಆದರೂ ಸುಮಾರು 40 ಮಂದಿ ಮುಂದೆ ಬಂದರು. ನಾಲ್ಕು ತಿಂಗಳ ಬಳಿಕ ಅವರಲ್ಲಿ 35 ಮಂದಿ ತಾವೇ ಪತ್ರ ಬರೆಯಬಲ್ಲವರಾಗಿದ್ದರು.

ನಕ್ಕವರನ್ನು ಹಳಿಯುವಂತಿಲ್ಲ. ನಮ್ಮ ವರ್ಣಮಾಲೆಯೂ ಕಾಗುಣಿತ ಒತ್ತಕ್ಷರಗಳೂ ಕೈವಶವಾದರೆ ಕನ್ನಡದ ಯಾವ ಪದವನ್ನೂ ಉಚ್ಚರಿಸಬಹುದು. ಚೀನೀ ಲಿಪಿಯಲ್ಲಿ ಅಂತಹ ಒಳದಾರಿಯಿಲ್ಲ. ಸಾವಿರಾರು ಸಂಕೇತಗಳನ್ನು ಒಂದೊಂದಾಗಿ ನೆನಪಿಗೆ ತಂದುಕೊಳ್ಳಬೇಕು. ಗ್ರಂಥಭಾಷೆಯೂ ಆಡುಮಾತಿನಿಂದ ಬಹುದೂರ ಸರಿದಿತ್ತು. ಯಾನ್ ಮತ್ತು ಅವರ ಸಂಗಡಿಗರು ಆಡುಮಾತನ್ನೇ ಹಿಡಿದು, ಬಳಕೆಯಲ್ಲಿ ಹೆಚ್ಚಾಗಿ ಬರುವ ಸುಮಾರು ಸಾವಿರ ಸಂಕೇತಗಳನ್ನು ಆರಿಸಿ, ತಲಾ 24 ಪಾಠಗಳ ನಾಲ್ಕು ಪುಸ್ತಕಗಳನ್ನು ಮುಂದೆ ಸಿದ್ಧಪಡಿಸಿದರು. ದಿನಕ್ಕೆ ಒಂದು ಗಂಟೆಯಂತೆ 96 ಪಾಠಗಳು. ದುಡಿದು ಬಂದ ಮೈಗೆ ಅದೇ ಸಾಕಾದಷ್ಟು.

ಇಷ್ಟು ಶ್ರಮಪಟ್ಟು ಆ ಕೂಲಿಗಳು ಪಡೆದುದೇನು? ನಮ್ಮೂರಿನಲ್ಲಿ ಹಿಂದೆ ಅಂಚೆಯಣ್ಣನೇ ಕಾಗದ ಓದಿ ಹೇಳುತ್ತಿದ್ದನು, ಮಾರುತ್ತರವನ್ನೂ ಬರೆಯುತ್ತಿದ್ದನು. ದೂರದಲ್ಲಿದ್ದ ಗಂಡನಿಗೆ ಹೆಣ್ಣುಮಗಳೊಬ್ಬಳು ಬರೆಸುತ್ತಿದ್ದುದು ಮಳೆಬೆಳೆಯ ಸಂಗತಿ, ದನಕರುಗಳ ಕ್ಷೇಮ ಮಾತ್ರ. ಅವಳಿಗೆ ಹೇಳಬೇಕಾಗಿದ್ದ ಮಾತು ಬೇರೆಯೇ ಇದ್ದಿತೆಂಬುದು ಜಗುಲಿಯ ಮೇಲಿದ್ದ ನಮಗೆಲ್ಲ ತಿಳಿಯುತ್ತಿತ್ತು. ಮೂರನೆಯವನ ಕೈಯಿಂದ ಬರೆಸುವ ಪತ್ರದಲ್ಲಿ ಗುಟ್ಟಿಗೆ ಎಡೆಯಿಲ್ಲ. ದುಃಖವನ್ನು ಕೂಡ ಊರಿಗೆ ಒಪ್ಪುವಂತೆ ತಿದ್ದಿ ಹೇಳಬೇಕಾಗುತ್ತದೆ. ಬುಲೋನಿನ ಆ 35 ಮಂದಿಗೆ ದಕ್ಕಿದ್ದು ತಮ್ಮ ಮನಸ್ಸಿನ ಮಾತಿನ ಮೇಲೆ ತಮ್ಮದೇ ಒಡೆತನವೆಂದು ನಾನು ತಿಳಿಯುತ್ತೇನೆ.

ಕಲಿತ ಅಕ್ಷರ ಓದಲು ಏನೂ ಇಲ್ಲದಿದ್ದರೆ ಬೇಗನೆ ಮಾಸಿಹೋಗುತ್ತದೆ. ಅದಕ್ಕಾಗಿ 1919ರಲ್ಲಿ ಯಾನ್ ಕೂಲಿಗಳಿಗೆಂದೇ ಒಂದು ವಾರಪತ್ರಿಕೆ ಹೊರಡಿಸಿದರು. ಇಷ್ಟು ಅಗ್ಗದ ಪತ್ರಿಕೆ ನಿಂತುಹೋದೀತೆಂಬ ಆತಂಕದಿಂದ ಕೂಲಿಯೊಬ್ಬನು ತನ್ನ ಉಳಿತಾಯದ 365 ಫ್ರಾಂಕುಗಳನ್ನು ಕಳುಹಿಸಿದ ಸಂಗತಿಯನ್ನು ಅವರು ಜೀವಮಾನವಿಡೀ ಸ್ಮರಿಸುತ್ತಿದ್ದರು.

ಸ್ವದೇಶಕ್ಕೆ ಮರಳಿದ ಮೇಲೆ 1922ರಲ್ಲಿ ಛಾಂಗ್‌ಷಾ ನಗರದಲ್ಲಿ ಈ ಪ್ರಯೋಗ ದೊಡ್ಡದಾಗಿ ನಡೆಯಿತು. ಕಲಿಸಲು ಬಂದವರಿಗೆ ಸಂಬಳವಿರಲಿಲ್ಲ. ಕಲಿಯಲು ಬಂದವರಿಗೆ ಬಿಡುವಿರಲಿಲ್ಲ. ಮರುವರ್ಷ ಈ ಆಂದೋಲನಕ್ಕೆ ರಾಷ್ಟ್ರೀಯ ಸಂಘವೊಂದು ಏರ್ಪಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ತಾವ್ ಶಿಂಗ್‌ಝಿಯವರ ಮನೆಯಲ್ಲೇ 57 ವಯಸ್ಸಿನ ತಾಯಿ, ಆರು ವರ್ಷದ ಮೊಮ್ಮಗನನ್ನು ಗುರುವಾಗಿ ಕೂರಿಸಿಕೊಂಡು ಈ ಪಾಠ ಕಲಿತರು. ಕೆಲವೇ ದಿನಗಳಲ್ಲಿ, ಪ್ರವಾಸದಲ್ಲಿದ್ದ ಮಗ ಬರೆದ ಪತ್ರವನ್ನು ಆಕೆ ತಾವೇ ಓದಿಕೊಂಡರು. ಇಂದು ಕಲಿತವನು ನಾಳೆ ಕಲಿಸಬೇಕೆಂಬುದು ತಾವ್ ಅವರ ನಿಲುವು. 1938ರಲ್ಲಿ ಅವರು ಭಾರತಕ್ಕೂ ಬಂದು ಗಾಂಧೀಜಿಯವರನ್ನು ಕಂಡಿದ್ದರು.

ಈ ಯತ್ನದಿಂದ ಚೀನದ ನಿರಕ್ಷರತೆ ಅಳಿಯಿತೆಂದು ನಾನು ಹೇಳಲಾರೆ. ಹಸಿದವನಿಗೆ ಸಾವಿರ ಸಂಕೇತಗಳು ಅನ್ನವಾಗುವುದಿಲ್ಲವೆಂಬುದನ್ನು ಯಾನ್ ತಾವೇ ಕಂಡುಕೊಂಡು, ದಿಂಗ್ ಎಂಬ ಗ್ರಾಮೀಣ ಸೀಮೆಯಲ್ಲಿ ಬೇಸಾಯ, ಆರೋಗ್ಯಗಳನ್ನೂ ಪಾಠದೊಡನೆ ಕೂಡಿಸಿದರು. 1937ರ ಜಪಾನೀ ಆಕ್ರಮಣ ಆ ಕೆಲಸವನ್ನು ಕೆಡಿಸಿತು. ಆದರೂ ಆ ಸಂಜೆಯ ನಿರಾಕರಣೆಯಲ್ಲಿದ್ದ ಗೌರವ ಸುಳ್ಳಾಗಲಿಲ್ಲ: ಎದುರಿಗಿದ್ದವನು ಕಲಿಯಬಲ್ಲನೆಂದು ಯಾನ್ ನಂಬಿದ್ದರು. ಬ್ಯಾಂಕಿನ ಬಾಗಿಲಲ್ಲಿ ಚೀಟಿ ತುಂಬಿಕೊಡಿರೆಂದು ಇಂದಿಗೂ ನಮ್ಮನ್ನು ಕೇಳುವವರಿದ್ದಾರೆ. ತುಂಬಿಕೊಡೋಣ, ಆದರೆ ಆ ಹಿರಿಯರಿಗೆ ಬಿಡುವಿದ್ದರೆ, ಅವರ ಹೆಸರಿನ ಮೊದಲ ಅಕ್ಷರವನ್ನಾದರೂ ತೋರಿಸಿಕೊಡುವಷ್ಟು ಹೊತ್ತು ನಾವೂ ನಿಲ್ಲಬಹುದಲ್ಲವೆ?