ದಿವಾಳಿ ಕಾನೂನು ಮತ್ತು ಕಾಲದ ಬೆಲೆ

1980ರ ಮಿನರ್ವ ಮಿಲ್ಸ್ ತೀರ್ಪು ಎಂದ ಕೂಡಲೇ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಕೆಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸಾರಿದ್ದು ನೆನಪಿಗೆ ಬರುತ್ತದೆ. ಆದರೆ ಆ ಮೊಕದ್ದಮೆಯ ಬುಡದಲ್ಲಿದ್ದದ್ದು ಬೆಂಗಳೂರಿನ ಒಂದು ಬಟ್ಟೆ ಗಿರಣಿ. 1971ರಲ್ಲಿ ಕೇಂದ್ರ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು. 1974ರಲ್ಲಿ ರೋಗಗ್ರಸ್ತ ಗಿರಣಿಗಳ ರಾಷ್ಟ್ರೀಕರಣ ಕಾಯ್ದೆ ಬಂದಾಗ ಅದು ಪೂರ್ತಿ ಸರ್ಕಾರದ ಸ್ವತ್ತಾಯಿತು. ಸಾಲದಲ್ಲಿ ಮುಳುಗಿದ ಕಂಪನಿಗೆ ಆ ಕಾಲದಲ್ಲಿ ಇದ್ದ ಮುಖ್ಯ ದಾರಿಗಳು ಎರಡೇ: ಹೈಕೋರ್ಟಿನಲ್ಲಿ ಸಮಾಪನೆಯ ಅರ್ಜಿ ಹಾಕಿ ಬೀಗ ಜಡಿಯುವುದು, ಇಲ್ಲವೇ ಸರ್ಕಾರದ ಮಡಿಲಿಗೆ ಹಾಕುವುದು. ಯಂತ್ರಗಳು ಓಡುತ್ತಿರುವಾಗಲೇ, ಕಾರ್ಮಿಕರು ಕೆಲಸದಲ್ಲಿರುವಾಗಲೇ, ನಡೆಸಬಲ್ಲ ಬೇರೊಬ್ಬರಿಗೆ ಕಂಪನಿಯನ್ನು ದಾಟಿಸುವ ಸುಗಮವಾದ ದಾರಿ ಇರಲಿಲ್ಲ. ಆ ದಾರಿ ಸಿದ್ಧವಾಗಲು ನಮ್ಮ ದೇಶಕ್ಕೆ ನಾಲ್ಕು ದಶಕ ಹಿಡಿಯಿತು. ಈ ನಾಲ್ಕು ದಶಕಗಳ ಕಾಯ್ದೆಗಳನ್ನೂ ತೀರ್ಪುಗಳನ್ನೂ ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದಿವಾಳಿ ಕಾನೂನಿನ ಮುಖ್ಯ ಪ್ರಶ್ನೆ ಯಾರಿಗೆ ಎಷ್ಟು ಹಣ ಎಂಬುದಕ್ಕಿಂತ ಮೊದಲು, ಕಾಲ ಯಾರ ಕೈಯಲ್ಲಿದೆ ಎಂಬುದು.

ತಿವಾರಿ ಸಮಿತಿಯ ಶಿಫಾರಸಿನ ಮೇಲೆ 1985ರಲ್ಲಿ ರೋಗಗ್ರಸ್ತ ಕೈಗಾರಿಕಾ ಕಂಪನಿಗಳ ಕಾಯ್ದೆ ಬಂತು. ಅದರಡಿಯಲ್ಲಿ 1987ರಲ್ಲಿ ಕೈಗಾರಿಕೆ ಮತ್ತು ಹಣಕಾಸು ಪುನರ್‌ರಚನಾ ಮಂಡಳಿ, ಅಂದರೆ ಬಿಐಎಫ್‌ಆರ್, ಕೆಲಸ ಶುರುಮಾಡಿತು. ಉದ್ದೇಶ ಒಳ್ಳೆಯದೇ: ಕಾರ್ಖಾನೆ ಉಳಿಯಲಿ, ಕೂಲಿಯವನ ಒಲೆ ಆರದಿರಲಿ. ಆದರೆ ಕಾಯ್ದೆಯ ಒಳಗೇ ಎರಡು ದೋಷಗಳಿದ್ದವು. ನಷ್ಟವು ಕಂಪನಿಯ ನಿವ್ವಳ ಮೌಲ್ಯವನ್ನು ಪೂರ್ತಿ ನುಂಗಿದ ಮೇಲಷ್ಟೇ ಅದನ್ನು ರೋಗಗ್ರಸ್ತ ಎಂದು ಒಪ್ಪುತ್ತಿದ್ದರು, ಅಂದರೆ ಉಳಿಸಲು ಬಹಳ ಕಡಿಮೆ ಉಳಿದಿರುವಾಗ. ಇನ್ನೊಂದು 22ನೇ ಕಲಂ. ಪ್ರಕರಣ ಮಂಡಳಿಯ ಮುಂದೆ ಇರುವಷ್ಟು ಕಾಲ, ಮಂಡಳಿಯ ಒಪ್ಪಿಗೆಯಿಲ್ಲದೆ ಯಾವ ಸಾಲದಾತನೂ ವಸೂಲಿ ದಾವೆ ಹೂಡುವಂತಿಲ್ಲ, ಜಪ್ತಿ ಮಾಡುವಂತಿಲ್ಲ. ಕಂಪನಿಯನ್ನು ಈ ಸ್ಥಿತಿಗೆ ತಂದ ಆಡಳಿತ ಮಾತ್ರ ಸಾಮಾನ್ಯವಾಗಿ ಅದೇ ಕುರ್ಚಿಯಲ್ಲಿ ಮುಂದುವರಿಯಬಹುದಿತ್ತು. ರಕ್ಷಣೆಗೆ ಕಟ್ಟುನಿಟ್ಟಾದ ಗಡುವಿಲ್ಲ, ಹೊಣೆಗಾರನಿಗೆ ನಷ್ಟವಿಲ್ಲ. ಹೀಗಿರುವಾಗ ಪ್ರಕರಣಗಳು ವರ್ಷಗಟ್ಟಲೆ ಎಳೆದದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಕರುಣೆಯಿಂದ ಕೊಟ್ಟ ಕಾಲಾವಕಾಶ ಕಾರ್ಮಿಕನನ್ನು ತಲುಪುವ ಮೊದಲೇ ಮಾಲೀಕನ ಪಾಲಾಯಿತು. 1993ರಲ್ಲಿ ಸಾಲ ವಸೂಲಾತಿ ನ್ಯಾಯಮಂಡಳಿಗಳು ಬಂದವು. 2002ರಲ್ಲಿ, ಅಡವಿಟ್ಟ ಆಸ್ತಿಯನ್ನು ಕೋರ್ಟಿನ ಅಪ್ಪಣೆಗೆ ಕಾಯದೆ ವಶಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕುಗಳಿಗೆ ಸಿಕ್ಕಿತು. ಇವೆರಡೂ ವಸೂಲಿಯ ಸಾಧನಗಳು. ಒಂದು ಬ್ಯಾಂಕು ಕಟ್ಟಡವನ್ನು, ಇನ್ನೊಂದು ಯಂತ್ರವನ್ನು ಎಳೆದುಕೊಂಡರೆ ನಡೆಯುವ ಉದ್ದಿಮೆ ಎಂಬುದು ಉಳಿಯುವುದಿಲ್ಲ.

ಬೆಂಗಳೂರಿನದೇ ಆದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಬ್ಯಾಂಕುಗಳು ಸಾಲಕ್ಕೆ ಒತ್ತೆಯಾಗಿ ಪಡೆದವುಗಳಲ್ಲಿ ಆ ಹೆಸರು ಮತ್ತು ಲಾಂಛನವೂ ಸೇರಿತ್ತು. ಒಂದು ಕಾಲಕ್ಕೆ ಅದರ ಬೆಲೆಯನ್ನು 4,000 ಕೋಟಿ ರೂಪಾಯಿಗೂ ಮೇಲೆ ಕಟ್ಟಿದ್ದರು. 2016ರ ಏಪ್ರಿಲ್‌ನಲ್ಲಿ 366.70 ಕೋಟಿ ರೂಪಾಯಿಯ ಮೂಲಬೆಲೆಗೆ ಅದನ್ನು ಹರಾಜಿಗಿಟ್ಟಾಗ ಒಬ್ಬನೇ ಒಬ್ಬನೂ ಬೆಲೆ ಕೂಗಲಿಲ್ಲ. ಒತ್ತೆಯ ಕಾಗದ ಹಾಗೇ ಇತ್ತು, ಅದರ ಹಿಂದಿದ್ದ ವಿಮಾನ, ಪರವಾನಗಿ, ಪ್ರಯಾಣಿಕರ ನಂಬಿಕೆ ಯಾವುದೂ ಇರಲಿಲ್ಲ. ಆ ಮೊದಲ ಬೆಲೆಯೇ ಉಬ್ಬಿಸಿದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬಹುದು. ಆದರೂ ಮೂರೂವರೆ ವರ್ಷ ನಿಂತ ವಿಮಾನ ಸಂಸ್ಥೆಯ ಹೆಸರಿಗೆ ಕೊಳ್ಳುವವರೇ ಇಲ್ಲ ಎಂಬುದು ಉಬ್ಬರದ ಕಥೆ ಮಾತ್ರವಲ್ಲ, ತಡದ ಕಥೆಯೂ ಹೌದು.

ಟಿ. ಕೆ. ವಿಶ್ವನಾಥನ್ ಸಮಿತಿಯ 2015ರ ವರದಿ ಈ ರೋಗದ ಮೂಲವನ್ನು ಹಿಡಿಯಿತು. 2016ರ ದಿವಾಳಿ ಸಂಹಿತೆ ಬಂದ ಮೇಲೆ, ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅರ್ಜಿಯನ್ನು ದಾಖಲು ಮಾಡಿಕೊಂಡ ಗಳಿಗೆಯಿಂದ ನಿರ್ದೇಶಕ ಮಂಡಳಿಯ ಅಧಿಕಾರ ಅಮಾನತಾಗುತ್ತದೆ. ಪರಿಹಾರ ವೃತ್ತಿಪರನೊಬ್ಬ ಕಂಪನಿಯನ್ನು ನಡೆಸುತ್ತಾನೆ, ಸಾಲದಾತರ ಸಮಿತಿ ಯೋಜನೆಯನ್ನು ಆರಿಸುತ್ತದೆ. ವಸೂಲಿಗೆ ಇಲ್ಲೂ ತಡೆಯಿದೆ, ಆದರೆ ಆ ತಡೆಗೆ ಗಡುವಿದೆ: ಮೊದಲಿಗೆ ಅದು 180 ದಿನ, ಹೆಚ್ಚೆಂದರೆ 270 ಇತ್ತು. 2017ರ ಆಗಸ್ಟಿನಲ್ಲಿ ಇನ್ನೋವೆಂಟಿವ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾಲ ತೀರಿಸಲಾಗದ ಆಡಳಿತ ಇನ್ನು ಕುರ್ಚಿಗೆ ಅಂಟಿಕೊಳ್ಳುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಸೇರಿಸಿದ 29ಎ ಕಲಂ, ಸುಸ್ತಿದಾರ ಪ್ರವರ್ತಕರು ಅದೇ ಕಂಪನಿಯನ್ನು ಹಿಂಬಾಗಿಲಿನಿಂದ ಅಗ್ಗಕ್ಕೆ ಕೊಳ್ಳದಂತೆ ತಡೆಯಿತು.

ಎಸ್ಸಾರ್ ಸ್ಟೀಲ್ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2017ರ ಆಗಸ್ಟಿನಲ್ಲಿ ಅರ್ಜಿ ದಾಖಲಾಯಿತು. ಗುಜರಾತಿನ ಹಜೀರಾದ ಕಾರ್ಖಾನೆಯಲ್ಲಿ ಉಕ್ಕಿನ ಉತ್ಪಾದನೆ ನಿಲ್ಲಲಿಲ್ಲ. ಆರ್ಸೆಲರ್‌ಮಿತ್ತಲ್ 42,000 ಕೋಟಿ ರೂಪಾಯಿಯ ಯೋಜನೆ ಇಟ್ಟಿತು. 2019ರ ಜುಲೈನಲ್ಲಿ ಮೇಲ್ಮನವಿ ನ್ಯಾಯಮಂಡಳಿ, ಸಾಲ ಕೊಟ್ಟ ಬ್ಯಾಂಕಿಗೂ ಸರಕು ಕೊಟ್ಟ ವ್ಯಾಪಾರಿಗೂ ಸಮಪಾಲು ಎಂದಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿ, ಕಾನೂನಿನ ಚೌಕಟ್ಟಿನೊಳಗೆ ಹಣ ಹಂಚುವ ವ್ಯಾವಹಾರಿಕ ತೀರ್ಮಾನ ಸಾಲದಾತರ ಸಮಿತಿಯದು ಎಂದಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ವ್ಯಾಜ್ಯದ ಕಾಲವೂ ಸೇರಿ 330 ದಿನಗಳಲ್ಲಿ ‘ಕಡ್ಡಾಯವಾಗಿ’ ಮುಗಿಸಬೇಕು ಎಂದು ಸಂಸತ್ತು ಆ ವರ್ಷವಷ್ಟೇ ತಿದ್ದಿತ್ತು. ಆ ಕಡ್ಡಾಯವನ್ನು ಕೋರ್ಟ್ ತೆಗೆದುಹಾಕಿತು. ಕೋರ್ಟಿನ ವಿಳಂಬಕ್ಕಾಗಿ ಕಕ್ಷಿದಾರನನ್ನು ಶಿಕ್ಷಿಸಬಾರದು, ಗಡುವು ಮೀರಿತೆಂದು ಬದುಕಬಲ್ಲ ಕಂಪನಿಯನ್ನು ಮಾರಿ ಮುಗಿಸಬಾರದು ಎಂಬುದು ಅದರ ತರ್ಕ. ಈ ತರ್ಕ ನ್ಯಾಯವಾದದ್ದೇ. ಅವಸರದ ನ್ಯಾಯ ಅನ್ಯಾಯವಾಗಬಹುದು ಎಂಬ ಆಕ್ಷೇಪವನ್ನು ಯಾರೂ ತಳ್ಳಿಹಾಕಲಾಗದು. ಆದರೆ ಕೋರ್ಟ್ ಇದನ್ನು ಅಪರೂಪದ ವಿನಾಯಿತಿ ಎಂದೇ ಹೇಳಿತ್ತು. ನಡೆದ ರೂಢಿಯಲ್ಲಿ ವಿನಾಯಿತಿಯೇ ನಿಯಮವಾಗಿ ಕುಳಿತಿತು.

ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನೆಲಕ್ಕಿಳಿಯಿತು, ಜೂನ್‌ನಲ್ಲಿ ಅರ್ಜಿ ದಾಖಲಾಯಿತು, 2021ರಲ್ಲಿ ಯೋಜನೆಗೆ ಒಪ್ಪಿಗೆಯೂ ಸಿಕ್ಕಿತು. ಯೋಜನೆ ಜಾರಿಗೆ ಬರಲೇ ಇಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಆಸ್ತಿ ಮಾರಿ ಮುಗಿಸಲು ಆದೇಶಿಸಿತು. ದುಡಿಯದೆ ನಿಂತ ಎತ್ತಿಗೂ ಮೇವು ಹಾಕಲೇಬೇಕು. ಹಾರದ ವಿಮಾನಕ್ಕೂ ನಿಲುಗಡೆಯ ಬಾಡಿಗೆ, ನಿರ್ವಹಣೆ, ಕಾವಲು ತಪ್ಪುವುದಿಲ್ಲ. ಭೂಷಣ್ ಪವರ್ ಅಂಡ್ ಸ್ಟೀಲ್ ಪ್ರಕರಣ ಇನ್ನೂ ಚಿಂತೆ ಹುಟ್ಟಿಸುವಂಥದ್ದು. ನಮ್ಮ ತೋರಣಗಲ್ಲಿನಲ್ಲಿ ದೊಡ್ಡ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸ್ಟೀಲ್‌ನ ಯೋಜನೆಗೆ 2019ರಲ್ಲೇ ನ್ಯಾಯಮಂಡಳಿಯ ಒಪ್ಪಿಗೆ ಸಿಕ್ಕಿತ್ತು. ಹಣ ಪಾವತಿಯಾಗಿ, ಕಾರ್ಖಾನೆ ಹೊಸ ಕೈಗೆ ಹೋಗಿ ವರ್ಷಗಳಾದ ಮೇಲೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಯೋಜನೆಯನ್ನೇ ರದ್ದುಮಾಡಿ ಸಮಾಪನೆಗೆ ಆದೇಶಿಸಿತು. ಜುಲೈನಲ್ಲಿ ಆ ಆದೇಶವನ್ನು ತಾನೇ ಹಿಂಪಡೆಯಿತು, ಸೆಪ್ಟೆಂಬರಿನಲ್ಲಿ ಯೋಜನೆಯನ್ನು ಎತ್ತಿಹಿಡಿಯಿತು. ತಪ್ಪನ್ನು ತಿದ್ದಿಕೊಂಡ ಕೋರ್ಟನ್ನು ಗೌರವಿಸಬೇಕು. ಆದರೆ ಮುಗಿಯಿತು ಎಂದುಕೊಂಡದ್ದು ಆರು ವರ್ಷದ ನಂತರವೂ ಮುಗಿದಿಲ್ಲವಾದರೆ, ಮುಂದಿನ ಖರೀದಿದಾರ ಆ ಅನಿಶ್ಚಯವನ್ನೂ ಲೆಕ್ಕಹಾಕಿಯೇ ಬೆಲೆ ಕೂಗುತ್ತಾನೆ.

ಬ್ಯಾಂಕುಗಳು ಕೇಳಿದ ಸಾಲದಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ಸಂಹಿತೆಯ ಹಾದಿಯಲ್ಲಿ ವಾಪಸು ಬರುತ್ತದೆ, ಉಳಿದದ್ದು ಸಾರ್ವಜನಿಕರ ದುಡ್ಡಿನ ಲೂಟಿ ಎಂಬ ಟೀಕೆ ಬಲವಾಗಿದೆ. ಅದರ ಹಿಂದಿನ ನೋವು ನಿಜ. ಆದರೆ ಕಾಗದದ ಮೇಲೆ ಬಡ್ಡಿ ಚಕ್ರಬಡ್ಡಿ ಸೇರಿ ಬೆಳೆದ ಮೊತ್ತಕ್ಕೆ ಹೋಲಿಸಿ ಸಂಹಿತೆಯನ್ನು ತೂಗುವುದು ಸರಿಯಲ್ಲ. ಅದೇ ಆಸ್ತಿಯನ್ನು ಬಿಡಿಬಿಡಿಯಾಗಿ ಮಾರಿದ್ದರೆ ಬರುತ್ತಿದ್ದ ಹಣಕ್ಕೆ ಹೋಲಿಸಿದರೆ, ಯೋಜನೆ ಕೈಗೂಡಿದ ಕಂಪನಿಗಳಲ್ಲಿ ಒಟ್ಟಾರೆ ಸಿಕ್ಕದ್ದು ಹೆಚ್ಚು. ಇನ್ನು ಕಾರ್ಮಿಕರ ಮಾತು. ಸಮಾಪನೆಯಾದರೆ ಅವರ 24 ತಿಂಗಳ ಬಾಕಿಗೆ, ಒತ್ತೆಯನ್ನು ಬಿಟ್ಟುಕೊಟ್ಟ ಬ್ಯಾಂಕಿನ ಸಾಲಕ್ಕೆ ಸಮನಾದ ಸ್ಥಾನವನ್ನು 53ನೇ ಕಲಂ ಕೊಟ್ಟಿದೆ. ಸ್ಥಾನವೇನೋ ಎತ್ತರದ್ದು, ಆದರೆ ಹಂಚಲು ಏನೂ ಉಳಿಯದ ಕಂಪನಿಯಲ್ಲಿ ಅದರಿಂದ ಹೊಟ್ಟೆ ತುಂಬುವುದಿಲ್ಲ. ಬ್ಯಾಂಕು ನಷ್ಟವನ್ನು ಹತ್ತು ಖಾತೆಗಳ ಮೇಲೆ ಹರಡಿಕೊಳ್ಳಬಲ್ಲದು. ಸಂಬಳ ನಿಂತವನಿಗೆ ಆ ಅನುಕೂಲವಿಲ್ಲ, ತಡದ ಬೆಲೆಯನ್ನು ಮೊದಲು ತೆರುವವನು ಅವನೇ.

ಗಡುವಿನ ಲೆಕ್ಕದಲ್ಲೇ ಒಂದು ದೊಡ್ಡ ಬಿರುಕಿದೆ. ಆ 330 ದಿನಗಳು ಶುರುವಾಗುವುದು ಅರ್ಜಿ ದಾಖಲಾದ ದಿನದಿಂದ, ಸಲ್ಲಿಸಿದ ದಿನದಿಂದಲ್ಲ. ಹದಿನಾಲ್ಕು ದಿನಗಳಲ್ಲಿ ತೀರ್ಮಾನಿಸಬೇಕು ಎಂದು ಸಂಹಿತೆ ಹೇಳಿದರೂ ಅದು ಬರಿಯ ಮಾರ್ಗದರ್ಶಿ ಎಂದು ತೀರ್ಪುಗಳಾಗಿವೆ. ಹೀಗಾಗಿ ಅರ್ಜಿ ಮೇಜಿನ ಮೇಲಿರುವ ತಿಂಗಳುಗಳು ಗಡುವಿನ ಲೆಕ್ಕಕ್ಕೇ ಬರುವುದಿಲ್ಲ, ಆ ತಿಂಗಳುಗಳಲ್ಲಿ ಕಂಪನಿ ಇರುವುದು ಹಳೆಯ ಆಡಳಿತದ ಕೈಯಲ್ಲೇ. 2025ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ, ಸುಸ್ತಿ ಸಾಬೀತಾದರೆ ಅರ್ಜಿಯನ್ನು ದಾಖಲು ಮಾಡಿಕೊಳ್ಳಲೇಬೇಕು, ತಡವಾದರೆ ಕಾರಣವನ್ನು ಬರೆದಿಡಬೇಕು ಎಂದು ಹೇಳಿದ್ದು ಈ ಬಿರುಕನ್ನು ಮುಚ್ಚಲಿಕ್ಕೆ. ಅಷ್ಟರಿಂದಲೇ ಅದು ಮುಚ್ಚುವುದಿಲ್ಲ. ಕಂಪನಿ ಕಾನೂನು ನ್ಯಾಯಮಂಡಳಿಗೆ ಮಂಜೂರಾದ ಸದಸ್ಯರ ಸಂಖ್ಯೆ ಅಧ್ಯಕ್ಷರೂ ಸೇರಿ 63. ಇಡೀ ದೇಶದ ದಿವಾಳಿ ಅರ್ಜಿಗಳ ಜೊತೆಗೆ ಕಂಪನಿಗಳ ವಿಲೀನ, ಷೇರುದಾರರ ತಕರಾರು ಎಲ್ಲವನ್ನೂ ಕೇಳಬೇಕಾದವರು ಇವರೇ. ಖಾಲಿ ಹುದ್ದೆಗಳನ್ನು ತುಂಬಿ, ಪೀಠಗಳನ್ನು ಹೆಚ್ಚಿಸಿ, ದಿವಾಳಿ ಅರ್ಜಿಗಳಿಗೆಂದೇ ಪೀಠಗಳನ್ನು ಮೀಸಲಿಡದ ಹೊರತು, ಕಾರಣವನ್ನು ಬರೆದಿಡುವ ಕೆಲಸವೂ ಇದೇ ಕೆಲವರ ಹೊರೆಗೆ ಸೇರುತ್ತದೆ.